ಅಲ್ಲಿ ಯಾರೂ ಮುಳುಗುವುದಿಲ್ಲ

ಬೆಳಗಿನ ಸಾರಿಗೆ ಹುದುಗಿಸಿದ ಸೋಯಾದ ಮಿಸೊ ಕದಡುತ್ತಿರುವಾಗಲೇ ಒಳಕೋಣೆಯಿಂದ ಕರೆ ಬರುತ್ತದೆ. "ಹೊಸಬಾ, ಎಲ್ಲಿದೀಯೋ? ಕೇಳಿಸ್ತಿದ್ರೆ ಮಾತಾಡು." ವಯಸ್ಸಾದ ಗಂಡಸಿನ ದನಿ, ರೇಡಿಯೊದ ಗೊರಗೊರದಲ್ಲಿ ಅರ್ಧ ಅಳಿಸಿಹೋಗಿದೆ. ಚಿಕಾ ಒಲೆ ಆರಿಸುತ್ತಾರೆ. ಸೌಟು ಕೆಳಗಿಡುವುದನ್ನೂ ಮರೆತು, ಅದನ್ನು ಹಿಡಿದುಕೊಂಡೇ ಒಳಗೆ ಹೋಗಿ ಕಂಪ್ಯೂಟರಿನ ಮುಂದೆ ಮಂಡಿಯೂರಿ ಕೂರುತ್ತಾರೆ. ಕಿಟಕಿಯಾಚೆ ಕೆಸೆನ್‌ನುಮಾದ ಕೊಲ್ಲಿ ಇನ್ನೂ ಬೂದು ಬಣ್ಣದಲ್ಲಿದೆ. ಮೀನುದೋಣಿಗಳು ಹರಾಜುಕಟ್ಟೆಗೆ ಒರಗಿ ನಿಂತಿವೆ. ಕಡಲಕಾಗೆಗಳು ಆಗಲೇ ಜಗಳಕ್ಕಿಳಿದಿವೆ.

ಪರದೆಯ ಮೇಲೆ ಮೊದಲು ಏನೂ ಇಲ್ಲ, ಬರೀ ಕಪ್ಪು. ಆಮೇಲೆ ಎಡಗಡೆಯಿಂದ ಸೂರ್ಯ ನುಗ್ಗಿ, ಶಿರಸ್ತ್ರಾಣದ ಗಾಜಿನ ತುಂಬ ಬಿಳುಪು ಚೆಲ್ಲಿ, ಬಲಕ್ಕೆ ಜಾರಿಹೋಗುತ್ತಾನೆ. ಮತ್ತೆ ಕಪ್ಪು. ಆ ಕಪ್ಪಿಗೆ ಕಣ್ಣು ಹೊಂದಿಕೊಂಡಂತೆ ಒಂದು ನಕ್ಷತ್ರ, ಇನ್ನೊಂದು, ಆಮೇಲೆ ಜರಡಿಯಿಂದ ಉದುರಿದ ಹಿಟ್ಟಿನಷ್ಟು. ಯಾವುದೂ ಮಿಣುಕುವುದಿಲ್ಲ, ಗಾಳಿಯಿಲ್ಲದ ಕಡೆ ನಕ್ಷತ್ರ ಮಿಣುಕುವುದಿಲ್ಲ. ಸದ್ದೆಂದರೆ ಉಸಿರಿನದು ಮಾತ್ರ. "ಇವತ್ತು ನಕ್ಷತ್ರ ಬೇಗ ಬಂದ್ಬಿಟ್ವು," ಎಂದು ಚಿಕಾ ತಮಗೆ ತಾವೇ ಹೇಳಿಕೊಂಡು, ಅದನ್ನೇ ಸೆಂಡೈನ ಕಚೇರಿಗೆ ಟೈಪ್ ಮಾಡಿ ಕಳಿಸುತ್ತಾರೆ. ಸೂರ್ಯನನ್ನು ನೋಡಿದ ಕಣ್ಣು ಕತ್ತಲಿಗೆ ಪಳಗಲು ಇನ್ನೂ ಸ್ವಲ್ಪ ಹೊತ್ತು ಬೇಕು ಎಂಬುದು ಅವರ ತಕರಾರು.

"ಸಾರು ಆರ್ತಿದೆ," ಅಡುಗೆಮನೆಯಿಂದ ಅತ್ತೆಯ ದನಿ. "ನಿನ್ನ ಆಕಾಶದವನಿಗೆ ಹೇಳು, ನಾವು ತಿಂಡಿ ತಿಂದು ಮುಗಿಸೋವರೆಗೆ ತಡ್ಕೊಳ್ಳಲಿ."

"ಬಂದೆ ಅತ್ತೆ."

"ಸೌಟಾದ್ರೂ ಕಳಿಸೇ."

ಓನೊದೆರಾ ಚಿಕಾ ಮಾಡುವ ಕೆಲಸವನ್ನು ಈ ಊರಿನಲ್ಲಿ ಯಾರಿಗೂ ಸರಿಯಾಗಿ ವಿವರಿಸಲು ಬರುವುದಿಲ್ಲ. ಗೋಡೆಗೆ ಗೋಡೆ ತಾಗಿದ ಮನೆಯಲ್ಲಿ ಇಷ್ಟು ವರ್ಷ ಇದ್ದರೂ, ನನಗೂ ಮೊನ್ನೆ ಮೊನ್ನೆ ವಾರ್ಡಿನ ಪತ್ರಿಕೆಗೆ ಅವರ ಬಗ್ಗೆ ಬರೆಯಲು ಹೊರಡುವವರೆಗೆ ಬರುತ್ತಿರಲಿಲ್ಲ. ಸೆಂಡೈ ನಗರದಲ್ಲಿ, ಒಬ್ಬ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮೇಲ್ಮಹಡಿಯಲ್ಲಿ, ಏಳೆಂಟು ಮಂದಿ ಸೇರಿ ಒಂದು ವಿಡಿಯೊ ಗೇಮ್ ಮಾಡುತ್ತಿದ್ದಾರೆ. ಆಟಕ್ಕೆ ಹೆಸರು ಇನ್ನೂ ಇಟ್ಟಿಲ್ಲ. ತಮ್ಮತಮ್ಮಲ್ಲಿ ಅದನ್ನು 'ಹಗ್ಗ' ಎನ್ನುತ್ತಾರೆ. ಅದಿರು ಸಾಗಿಸುವ ಒಂದು ಮುದಿ ಅಂತರಿಕ್ಷ ಹಡಗು. ಅದರ ಹೊರಮೈ ರಿಪೇರಿ ಮಾಡುವ ಕೂಲಿಯಾಳು ನೀವು. ಸೊಂಟಕ್ಕೊಂದು ಹಗ್ಗ. ಶತ್ರುಗಳಿಲ್ಲ, ಬಂದೂಕಿಲ್ಲ. ತಿರುಪು ಬಿಗಿಯುವುದು, ಬಿರುಕು ಮುಚ್ಚುವುದು. ಎಚ್ಚರ ತಪ್ಪಿದರೆ ಹಗ್ಗ ಹರಿಯುತ್ತದೆ. ಆ ಆಟವನ್ನು ಎಲ್ಲರಿಗಿಂತ ಮೊದಲು ಆಡಿ, ಎಲ್ಲಿ ತಪ್ಪಿದೆ ಎಂದು ಹೇಳುವವರು ಚಿಕಾ.

ಆಡುವುದು ಎಂದರೆ ಮೋಜಲ್ಲ. ಹಡಗಿನ ಒಂದೊಂದು ತಗಡಿಗೂ ಹೋಗಿ ಮೈ ಉಜ್ಜಬೇಕು. ಎಲ್ಲಾದರೂ ಕೈ ತಗಡಿನೊಳಗೆ ತೂರಿಬಿಟ್ಟರೆ ಬರೆಯಬೇಕು. ಒಂದೇ ಬಾಗಿಲನ್ನು ಬೆಳಗಿನಿಂದ ಮಧ್ಯಾಹ್ನದವರೆಗೆ ತೆರೆದು ಮುಚ್ಚಬೇಕು. ಸುತ್ತಿಗೆಯಿಂದ ಹಡಗಿನ ಮೈಗೆ ಬಡಿದರೆ ಸದ್ದು ಕಿವಿಗೆ ಬರಬಾರದು, ಕೈಗವಸಿನ ಮೂಲಕ ಮೂಳೆಗೆ ಬಂದಂತೆ ಗುಮ್ಮೆನ್ನಬೇಕು. ಕೈ ಎತ್ತಿದ ಕ್ಷಣ ಅದೂ ನಿಲ್ಲಬೇಕು. ಪಕ್ಕದಲ್ಲೇ ಒಂದು ಟ್ಯಾಂಕು ಸಿಡಿದುಹೋದರೂ ನಿಶ್ಶಬ್ದ. "ಮೊದಮೊದಲು ಕಂಪ್ಯೂಟರ್ ಕೆಟ್ಟಿದೆ ಅಂದ್ಕೊಂಡೆ," ಎಂದು ಚಿಕಾ ನಗುತ್ತಾರೆ. "ಈಗ ನಮ್ಮ ಮನೆ ಪಾತ್ರೆ ಸದ್ದೇ ಜಾಸ್ತಿ ಅನ್ಸತ್ತೆ."

ಇದಕ್ಕೂ ಮುಂಚೆ ಅವರು ಹರಾಜುಕಟ್ಟೆಯ ಹಿಂದಿನ ಕಾರ್ಖಾನೆಯಲ್ಲಿ ಸ್ಕ್ವಿಡ್ ಎಂಬ ಮೆತ್ತನೆ ಕಡಲಜೀವಿಯನ್ನು ಉಪ್ಪಿಗೆ ಹಾಕುವ ಸಾಲಿನಲ್ಲಿ ನಿಲ್ಲುತ್ತಿದ್ದರು. ಬೆರಳು ಆಡಿಸುತ್ತಾ ಹುಳ, ಗಟ್ಟಿ ಚೂರು, ಕಸ ಆರಿಸುವ ಕೆಲಸ. ಅತ್ತೆ ಕಿನುಯೊ ಅಜ್ಜಿ ಸೊಂಟ ಮುರಿದುಕೊಂಡ ಮೇಲೆ ಮನೆ ಬಿಡುವಂತಿರಲಿಲ್ಲ. ವಾರ್ಡಿನ ಸಮುದಾಯ ಭವನದಲ್ಲಿ ಒಂದು ಚೀಟಿ ಅಂಟಿಸಿದ್ದರು: ಮನೆಯಲ್ಲೇ ಕೂತು ಆಟ ಪರೀಕ್ಷಿಸುವವರು ಬೇಕು, ತಾಳ್ಮೆಯಿದ್ದರೆ ಸಾಕು. ಚಿಕಾ ಅಲ್ಲಿಯವರೆಗೆ ಒಂದು ಆಟವನ್ನೂ ಆಡಿದವರಲ್ಲ. "ನಲವತ್ತು ದಾಟಿದವಳು ಆಟ ಆಡಿ ಸಂಬಳ ತಗೋತಾಳಂತೆ," ಎಂದು ಅಜ್ಜಿ ಬೀದಿಗೆಲ್ಲ ಸಾರಿಕೊಂಡು ಬಂದಿದ್ದು ನನಗೆ ನೆನಪಿದೆ. ಈಗ ಆಕೆಯೇ ಮಧ್ಯಾಹ್ನ ಸೊಸೆಯ ಹಿಂದೆ ಕೂತು, "ಆ ಮೂಲೆ ಬಿಟ್ಟೆ ನೋಡು," ಎನ್ನುತ್ತಾರೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಚಿಕಾ ಕಳಿಸಿದ ಮೊದಲ ದೂರು ಸೆಂಡೈನಲ್ಲಿ ಇವತ್ತಿಗೂ ಪ್ರಸಿದ್ಧ. 'ಎಂಜಿನ್ ಆರಿಸಿದರೂ ಹಡಗು ನಿಲ್ಲುತ್ತಿಲ್ಲ. ದಯವಿಟ್ಟು ಸರಿಪಡಿಸಿ.' ನೀರಿನಲ್ಲಿ ಓಡುವ ಹಡಗುಗಳನ್ನೇ ನೋಡಿ ಬೆಳೆದವರು ಇನ್ನೇನು ಬರೆಯುತ್ತಾರೆ? ನೀರು ತಡೆಯುತ್ತದೆ, ಹಡಗು ನಿಲ್ಲುತ್ತದೆ. ಅಲ್ಲಿ ತಡೆಯುವುದು ಏನೂ ಇಲ್ಲ. ಒಮ್ಮೆ ಹೊರಟದ್ದು ಹೋಗುತ್ತಲೇ ಇರುತ್ತದೆ. ಆಟದ ನಿರ್ದೇಶಕ ಸುಗಾವಾರಾ ಆ ದೂರನ್ನು ಚಹಾ ಲೋಟಗಳ ಮೇಲೆ ಅಚ್ಚು ಹಾಕಿಸಿ, ಒಂದನ್ನು ಚಿಕಾಗೂ ಕಳಿಸಿದ. ಅದರಲ್ಲಿ ಈಗ ಅಜ್ಜಿಯ ಹಲ್ಲುಜ್ಜುವ ಬ್ರಷ್ ನಿಂತಿರುತ್ತದೆ.

ಆದರೆ ಹೊರಟದ್ದು ನಿಲ್ಲುವುದಿಲ್ಲ ಎಂಬ ಆ ಮಾತು ಚಿಕಾ ಅವರ ಮನಸ್ಸಿನಲ್ಲಿ ಉಳಿದುಬಿಟ್ಟಿದೆ. ಒಗೆದ ಬಟ್ಟೆ ಮಡಿಸುತ್ತಾ ಕೂತಿದ್ದಾಗ ಅವರು ಒಂದು ದಿನ ಹೇಳಿದರು: "ಹಗ್ಗ ಹರಿದ್ರೆ ಅವನು ತೇಲಿಕೊಂಡು ಹೋಗ್ತಾನೆ. ಅಷ್ಟೇ. ಅಲ್ಲಿ ಯಾರೂ ಮುಳುಗಲ್ಲ ನೋಡಿ. ಹೋಗ್ತಾ ಇರ್ತಾನೆ. ಅದು ನಂಗೆ ಇಷ್ಟ ಆಯ್ತು."

ಅವರ ಗಂಡ ಹಿರೋಮು ದೂರಸಮುದ್ರದ ಟ್ಯೂನಾ ಹಡಗಿನಲ್ಲಿದ್ದರು. ಹೊರಟರೆ ವರ್ಷವಾಗುತ್ತಿತ್ತು ಮರಳಲು. ಹೊರಡುವ ದಿನ ನಾವೆಲ್ಲ ಕಟ್ಟೆಯ ಮೇಲೆ ಬಾವುಟ ಹಿಡಿದು ನಿಲ್ಲುತ್ತಿದ್ದೆವು, ಬಣ್ಣದ ಕಾಗದದ ಪಟ್ಟಿಗಳ ಒಂದು ತುದಿ ಹಡಗಿನಲ್ಲಿ, ಇನ್ನೊಂದು ತುದಿ ನಮ್ಮ ಕೈಯಲ್ಲಿ, ಅದು ಹರಿಯುವವರೆಗೆ. ಚಿಕಾ ಆ ದಿನ ಮನೆ ಗುಡಿಸುತ್ತಿರಲಿಲ್ಲ. ಹೋದವರನ್ನು ಹಿಂದಿನಿಂದ ಗುಡಿಸಿ ಹಾಕಿದಂತೆ ಆಗಬಾರದೆಂದು ಇಲ್ಲಿ ಯಾರೂ ಗುಡಿಸುವುದಿಲ್ಲ. ಮೂರು ಚಳಿಗಾಲಗಳ ಹಿಂದೆ, ದಕ್ಷಿಣದ ಸಮುದ್ರದಲ್ಲಿ ಗಾಳದ ಸಾಲು ಎಳೆಯುತ್ತಿದ್ದಾಗ ಒಂದು ಅಲೆ ಬಂತು. ಅಲೆ ಇಳಿದಾಗ ಹಿರೋಮು ನಿಂತಿದ್ದ ಜಾಗದಲ್ಲಿ ಯಾರೂ ಇರಲಿಲ್ಲ. ಹಡಗು ತಿರುಗಿ ಅಲ್ಲೇ ಸುತ್ತಿತು, ಕೊಂಬು ಊದಿತು. ಹಿರೋಮು ಸಿಗಲಿಲ್ಲ.

ಕ್ಯಾಪ್ಟನ್ ಆಮೇಲೆ ಮನೆಗೆ ಬಂದು, ಬಾಗಿಲ ಬಳಿ ಹಣೆ ನೆಲಕ್ಕೆ ಹಚ್ಚಿ ಕೂತ. ದನಿ ಬೀಳುವವರೆಗೆ ಧ್ವನಿವರ್ಧಕದಲ್ಲಿ ಹೆಸರು ಹಿಡಿದು ಕರೆದೆವು ಎಂದ. ಕಿನುಯೊ ಅಜ್ಜಿ ಅವನನ್ನು ಎಬ್ಬಿಸಿ, ಒಳಗೆ ಕರೆದು, ಊಟ ಬಡಿಸಿದರು. "ಎಷ್ಟು ಹೊತ್ತು ಕರೆದ್ರಿ ಅಂತ ಕೇಳ್ಬೇಕು ಅಂತಿತ್ತು," ಎನ್ನುತ್ತಾರೆ ಚಿಕಾ. "ಅವರು ಎಷ್ಟು ಹೇಳಿದ್ರೂ ನಂಗೆ ಇಷ್ಟೇನಾ ಅನ್ನಿಸಿಬಿಡುತ್ತಿತ್ತು. ಪಾಪ, ಅವರ ತಪ್ಪೇನಿದೆ. ಅದಕ್ಕೇ ಕೇಳ್ಲಿಲ್ಲ."

ಆ ಮನೆಯಲ್ಲಿ ದಿನವೂ ಒಂದು ನೆರಳೂಟ ಇಡುತ್ತಾರೆ. ಪ್ರಯಾಣ ಹೋದವರ ಪಾಲಿನ ಅನ್ನ, ಸಾರು, ಉಪ್ಪಿನಕಾಯಿ, ಅವರ ಜಾಗದಲ್ಲೇ. ಅವರು ಎಲ್ಲಿದ್ದರೂ ಹಸಿಯದಿರಲಿ ಎಂದು. ಎಲ್ಲರ ಊಟವಾದ ಮೇಲೆ ಸಾರಿನ ಬಟ್ಟಲ ಮುಚ್ಚಳ ತೆಗೆಯುತ್ತಾರೆ. ಒಳಗೆ ಹನಿ ಕೂತಿದ್ದರೆ ಹೋದವರು ಕ್ಷೇಮ. "ಬಿಸಿ ಸಾರಿಗೆ ಮುಚ್ಚಳ ಮುಚ್ಚಿದ್ರೆ ಹನಿ ಕೂರದೆ ಇನ್ನೇನು ಕೂರುತ್ತೆ," ಎಂದು ಕಿನುಯೊ ಅಜ್ಜಿ ಗೊಣಗುತ್ತಾರೆ. ಆದರೂ ತಮ್ಮ ಗಂಡ ಸಮುದ್ರದಲ್ಲಿದ್ದಷ್ಟು ವರ್ಷ ಅವರೂ ಮುಚ್ಚಳ ತೆಗೆದು ನೋಡಿದವರೇ.

ನೆರಳೂಟ ಬದುಕಿರುವವರಿಗೆ ಮಾತ್ರ. ತೀರಿಕೊಂಡವರಿಗೆ ಅನ್ನ ಇಡುವುದು ಹಿರಿಯರ ಪೂಜೆಯ ಗೂಡಿನಲ್ಲಿ, ಫೋಟೊದ ಮುಂದೆ, ಪುಟ್ಟ ಬಟ್ಟಲಿನಲ್ಲಿ. ಊಟದ ಮೇಜಿನಿಂದ ಗೂಡಿಗೆ ನಾಲ್ಕು ಹೆಜ್ಜೆಯಿರಬಹುದು. ಹಿರೋಮು ಅವರ ಬಟ್ಟಲು ಇನ್ನೂ ಮೇಜಿನ ಮೇಲಿದೆ. ಅತ್ತೆ ಸೊಸೆ ಈ ವಿಚಾರದಲ್ಲಿ ಒಮ್ಮೆ ಮಾತ್ರ ಜೋರಾಗಿ ಮಾತಾಡಿಕೊಂಡದ್ದು ನನ್ನ ಗೋಡೆಗೂ ಕೇಳಿಸಿತ್ತು. ಮಗ ಗಾಳಿಯಲ್ಲಿ ತೂಗಾಡಬಾರದು, ಅವನನ್ನು ಗೂಡಿನಲ್ಲಿ ಅಪ್ಪನ ಪಕ್ಕದಲ್ಲಿ ಕೂರಿಸೋಣ ಎಂದು ಅಜ್ಜಿ. ಕೊನೆಗೆ ಅವರಿಬ್ಬರ ನಡುವೆ ಒಂದು ಒಪ್ಪಂದವಾಯಿತು. ಮಗಳು ಮಿಸಾಕಿ ತಾನಾಗಿ ಕೇಳುವ ದಿನದವರೆಗೆ ಬಟ್ಟಲು ಮೇಜಿನ ಮೇಲಿರಲಿ. ಅವಳು ಕೇಳಿದ ದಿನ ಸುಳ್ಳು ಹೇಳುವಂತಿಲ್ಲ. ಆ ದಿನವೇ ಬಟ್ಟಲು ಗೂಡಿಗೆ.

ಅಪ್ಪ ಹೋದಾಗ ಶಿಶುವಿಹಾರದಲ್ಲಿದ್ದ ಮಿಸಾಕಿಗೆ ಈಗ ಒಂಬತ್ತು. ಹಡಗು ಅಪ್ಪನಿಲ್ಲದೆ ಬಂದದ್ದು ಅವಳಿಗೆ ಗೊತ್ತು. 'ಅಪ್ಪ ಇನ್ನೂ ಸಿಕ್ಕಿಲ್ಲ' ಎಂದು ಆಗ ಹೇಳಿದ ಮಾತಿನಿಂದ ಮುಂದೆ ಯಾರೂ ಏನೂ ಹೇಳಿಲ್ಲ, ಅವಳೂ ಕೇಳಿಲ್ಲ. "ಅಪ್ಪಂಗೆ ಸೌತೆಕಾಯಿ ಉಪ್ಪಿನಕಾಯಿ ಸೇರಲ್ಲ, ಮೂಲಂಗಿದು ಹಾಕು," ಎನ್ನುತ್ತಾಳೆ. ಅಷ್ಟು ಹೇಳಿ ಅಮ್ಮನ ಮುಖ ನೋಡುತ್ತಾಳೆ. ಮಕ್ಕಳನ್ನು ಸಾಕಿದವರಿಗೆ ಆ ನೋಟ ಗೊತ್ತಿರುತ್ತದೆ. ಬಾಗಿಲು ತಟ್ಟಲೋ ಬೇಡವೋ ಎಂದು ಹೊರಗೆ ನಿಂತಿರುತ್ತಾರಲ್ಲ, ಹಾಗೆ. "ಅವಳಿಗೆ ಎಲ್ಲ ಗೊತ್ತು ಕಣೇ," ಎನ್ನುತ್ತಾರೆ ಅಜ್ಜಿ. "ನಿನಗೋಸ್ಕರ ಕೇಳ್ತಾ ಇಲ್ಲ." ಚಿಕಾ ಒಂದು ಸಲ ನನ್ನೊಡನೆ ಹೇಳಿದ್ದುಂಟು: "ಕೇಳಿದ್ರೆ ಒಳ್ಳೇದು ಅಂತಾನೂ ಅನ್ಸತ್ತೆ. ಬೆಳಿಗ್ಗೆ ಎದ್ದಾಗ ಇವತ್ತು ಬೇಡಪ್ಪ ಅಂತಾನೂ ಅನ್ಸತ್ತೆ."

ಆಟದಲ್ಲಿ ಚಿಕಾ ಬಾಯಿಬಿಟ್ಟು ಕೇಳಿದ್ದು ಒಂದನ್ನೇ: ತೇಲುತ್ತಿರುವವನು ಉಸಿರು ಬಿಟ್ಟಾಗ ಶಿರಸ್ತ್ರಾಣದ ಗಾಜು ಮಂಜಾಗಬೇಕು. ತಂಡದಲ್ಲಿ ಅಂತರಿಕ್ಷದ ಉಡುಪುಗಳ ಬಗ್ಗೆ ಓದಿಕೊಂಡ ಹುಡುಗಿಯೊಬ್ಬಳಿದ್ದಾಳೆ. ನಿಜದಲ್ಲಿ ಹಾಗಾಗುವುದಿಲ್ಲ, ಒಳಗಿನ ಫ್ಯಾನು ಗಾಜನ್ನು ಒಣಗಿಸುತ್ತಲೇ ಇರುತ್ತದೆ ಎಂದು ಅವಳು ವಿನಯದಿಂದಲೇ ತಿಳಿಸಿದಳು. ಚಿಕಾ ಒಪ್ಪಿಕೊಂಡರು. ವಾರ ಕಳೆದ ಮೇಲೆ ಅದೇ ಹುಡುಗಿ ಫೋನ್ ಮಾಡಿ, ಬ್ಯಾಟರಿ ತೀರುತ್ತಾ ಬಂದು ಫ್ಯಾನು ನಿಧಾನವಾದಾಗ ಮಂಜಾಗಬಹುದು ಎಂದಳು. ಹಾಗಾಗಿ ಈಗ ಆಟದಲ್ಲಿ ಕೊನೆಕೊನೆಗೆ ಗಾಜಿನ ಮೇಲೆ ಮಂಜು ಬರುತ್ತದೆ, ಹೋಗುತ್ತದೆ, ಬರುತ್ತದೆ. ಅದು ಬರುವಷ್ಟು ಹೊತ್ತು ಒಳಗಿರುವವನು ಇದ್ದಾನೆ.

ಮೊದಲ ಪ್ರತಿಯನ್ನು ಆಡಿ ನೋಡಿದವರಲ್ಲಿ ಕೆಲವರು 'ಏನೂ ಆಗದ ಆಟ' ಎಂದು ಬೈದರು. ಆದರೆ ತೇಲುವ ಭಾಗಕ್ಕೆ ಬಂದವರು ಬೇರೆ ಥರ ಬರೆದರು. ಕೈಯಲ್ಲಿದ್ದುದನ್ನು ಕೆಳಗಿಟ್ಟು ಸುಮ್ಮನೆ ಕೂತೆ ಎಂದೊಬ್ಬ. ಹಡಗಿನ ದೀಪ ಚಿಕ್ಕದಾಗುತ್ತಾ ಹೋಗಿ ಯಾವುದು ದೀಪ, ಯಾವುದು ನಕ್ಷತ್ರ ಎಂದು ಗೊತ್ತಾಗದ ಗಳಿಗೆಯಲ್ಲಿ ಅಮ್ಮನಿಗೆ ಫೋನ್ ಮಾಡಿದೆ ಎಂದು ಇನ್ನೊಬ್ಬಳು. ಇವನ್ನೆಲ್ಲ ಸುಗಾವಾರಾ ಚಿಕಾಗೆ ಓದಿ ಹೇಳಿದ್ದಾನೆ. ಆಟದ ಕೊನೆಯಲ್ಲಿ ಕೆಲಸ ಮಾಡಿದವರ ಹೆಸರುಗಳು ಬರುವಾಗ ಪರೀಕ್ಷಕರ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಹಾಕಿಸುತ್ತೇನೆ ಎಂದು ಅವನು ಅಂದಾಗ ಚಿಕಾ, "ನಮ್ಮನೇಲಿ ಅಷ್ಟು ಹೊತ್ತು ಕೂತು ನೋಡೋರು ಯಾರಿದಾರೆ, ಬಿಡಿ," ಎಂದರಂತೆ.

ಇವತ್ತು ಸುಗಾವಾರಾ ಖುದ್ದಾಗಿ ಬಂದಿದ್ದಾನೆ. ನಿನ್ನೆಯೇ ಬಸ್ಸಿನಲ್ಲಿ ಬಂದು ಬಂದರಿನ ಬಳಿ ತಂಗಿದ್ದ. ಚಿಕಾ ಕಂಪ್ಯೂಟರ್ ಬಿಟ್ಟು ಏಳುವ ಹೊತ್ತಿಗೆ ಬಾಗಿಲಲ್ಲಿ ಅವನ ಶೂ ಬಿಚ್ಚುವ ಸದ್ದು. ನಾನು ಒಣಗಿಸಿದ ಕಡಲಸೊಪ್ಪು ಕೊಡಲು ಹೋದವಳು ಅಜ್ಜಿಯ ಬಲವಂತಕ್ಕೆ ಕೂತಿದ್ದೇನೆ. ಮೊದಲ ಸಲ ಬಂದಾಗ ಸುಗಾವಾರಾ ಹಿರೋಮು ಅವರ ಜಾಗದಲ್ಲೇ ಕೂತುಬಿಟ್ಟಿದ್ದ. ದೊಡ್ಡವರು ಏನು ಹೇಳುವುದೆಂದು ತೋಚದೆ ನಿಂತಿದ್ದಾಗ, "ಅದು ಅಪ್ಪನ ಜಾಗ. ನೀವು ನನ್ನ ಪಕ್ಕ ಬನ್ನಿ," ಎಂದು ಎಬ್ಬಿಸಿದವಳು ಮಿಸಾಕಿ. ಈ ಸಲ ಅವನು ಹೇಳಿಸಿಕೊಳ್ಳದೆ ಅವಳ ಪಕ್ಕ ಕೂರುತ್ತಾನೆ.

"ಚಿಕಾಕ್ಕ, ಒಂದೇ ಒಂದು ವಿಷಯ," ಎಂದು ಶುರುಮಾಡುತ್ತಾನೆ.

"ಮೊದಲು ತಿನ್ನು. ಆಮೇಲೆ ಆಕಾಶ," ಅಜ್ಜಿ.

"ಎರಡು ನಿಮಿಷ ಅಜ್ಜಿ."

"ನಿನ್ನ ಎರಡು ನಿಮಿಷ ಹೋದ ಸಲಾನೇ ನೋಡಿದೀನಿ. ಅನ್ನ ಕಲ್ಲಾಗಿತ್ತು."

ಅವನು ತಿನ್ನುತ್ತಾನೆ. ಮಿಸಾಕಿ ತನ್ನ ತಟ್ಟೆಯ ಮೀನಿನ ಮುಳ್ಳನ್ನು ಒಂದೊಂದಾಗಿ ಬಿಡಿಸಿ ಅಂಚಿಗೆ ಸಾಲಾಗಿ ಇಡುತ್ತಿದ್ದಾಳೆ. ಚಿಕಾ ನೆರಳೂಟದ ಬಟ್ಟಲಿಗೆ ಸಾರು ಬಗ್ಗಿಸಿ ಮುಚ್ಚಳ ಮುಚ್ಚುತ್ತಾರೆ. ಸುಗಾವಾರಾ ಆ ಕಡೆ ನೋಡದಿರಲು ಪ್ರಯತ್ನಿಸುತ್ತಾ ವಿಷಯಕ್ಕೆ ಬರುತ್ತಾನೆ. ಈ ವಾರ ಆಟವನ್ನು ಮುಗಿಸಿ ಹೊರಗೆ ಬಿಡಬೇಕು. ಎಲ್ಲ ಮುಗಿದಿದೆ, ಒಂದರ ಹೊರತು. ಹಗ್ಗ ಹರಿದು ಹೋದವನನ್ನು ಹಡಗಿನ ಮೇಸ್ತ್ರಿ ರೇಡಿಯೊದಲ್ಲಿ ಕರೆಯುತ್ತಾನಲ್ಲ, ಆ ಕರೆ ಎಲ್ಲಿ ನಿಲ್ಲಬೇಕು?

"ಮೊದಲು ಮೂರು ಸಲ ಕರೆದು ನಿಲ್ಲಿಸಿದ್ವಿ. 'ಬೇಗ ನಿಂತಿತು' ಅಂತ ಬರೆದ್ರಿ. ಉದ್ದ ಮಾಡಿದ್ವಿ. 'ಬೇಗ ನಿಂತಿತು.' ಇನ್ನೂ ಉದ್ದ ಮಾಡಿದ್ವಿ. ದನಿ ಕೊಟ್ಟ ತಾತ ಮೂರನೇ ಸಲ ಬಂದು ಕೂಗಿ ಹೋದ್ರು, ಪಾಪ. ನಿನ್ನೆ ಮತ್ತೆ ಅದೇ ಬರೆದಿದೀರಿ. ಎಷ್ಟು ಹೊತ್ತು ಅಂತ ನೀವೇ ಹೇಳ್ಬಿಡಿ. ಅಷ್ಟೇ ಇಡ್ತೀನಿ."

"ನಿಲ್ಲಿಸ್ಲೇಬೇಕಾ?" ಚಿಕಾ ಕೇಳುತ್ತಾರೆ.

"ನಿಲ್ದೇ ಇದ್ರೆ ಹೇಗೆ? ಆಡೋರು ಅಲ್ಲೇ ಸಿಕ್ಕಿಹಾಕ್ಕೊಂಡಿರ್ತಾರೆ. ಇನ್ನೊಂದು ಸಲ ಶುರು ಮಾಡೋಕೂ ಆಗಲ್ಲ."

"ಅದನ್ನೇ ನಾನೂ ಹೇಳ್ತಿರೋದು," ಎಂದು ಕಿನುಯೊ ಅಜ್ಜಿ ಉಪ್ಪಿನಕಾಯಿ ಜಾಡಿಗೆ ಹೇಳುತ್ತಾರೆ.

ಚಿಕಾ ಎರಡೂ ಕೈಗಳಲ್ಲಿ ತಮ್ಮ ಬಟ್ಟಲನ್ನು ಹಿಡಿದಿದ್ದಾರೆ, ಕುಡಿಯುತ್ತಿಲ್ಲ. ಉತ್ತರ ಬರುವುದಿಲ್ಲವೇನೋ ಎಂದು ಸುಗಾವಾರಾ ಕೈಚೀಲಕ್ಕೆ ಕೈಹಾಕುತ್ತಾನೆ. ಆಗ ಅವರು ಮೆಲ್ಲಗೆ ಹೇಳುತ್ತಾರೆ.

"ಮೇಸ್ತ್ರಿ ತಾನಾಗಿ ನಿಲ್ಲಿಸೋದು ಬೇಡ. ಅವನ ಕೈಲಿ ಅದು ಮಾಡಿಸ್ಬೇಡಿ. ಪಾಪ, ಜನ್ಮವೆಲ್ಲ ಅವನಿಗೆ ಅದೇ ಆಗುತ್ತೆ. ತೇಲ್ತಿರೋನೇ ಹೇಳ್ಲಿ. ಸಾಕು, ನೀವು ಹೊರಡಿ ಅಂತ. ಆಡೋರು ಯಾವಾಗ ಹೇಳ್ತಾರೋ ಆವಾಗ ನಿಲ್ಲಲಿ. ಕೆಲವರು ಬೇಗ ಹೇಳ್ತಾರೆ, ಕೆಲವರು ಹೇಳದೇ ಕೂತಿರ್ತಾರೆ. ಕೂತಿರ್ಲಿ ಬಿಡಿ."

"ಆದ್ರೆ ಆ ಹೊತ್ತಿಗೆ ಅವನ ಮಾತು ಹಡಗಿಗೆ ಮುಟ್ಟಲ್ವಲ್ಲ, ಚಿಕಾಕ್ಕ. ಅವನ ರೇಡಿಯೊ ಅಷ್ಟು ದೂರ ಹೋಗಲ್ಲ. ಇವರದ್ದು ಅವನಿಗೆ ಕೇಳಿಸುತ್ತೆ, ಅವನದ್ದು ಇವರಿಗೆ ಕೇಳಿಸಲ್ಲ. ಹಾಗೇ ಮಾಡಿದೀವಿ, ಅದೇ ನಿಜ."

"ಮುಟ್ಟದಿದ್ರೂ ಹೇಳ್ಲಿ."

ಸುಗಾವಾರಾ ಚೀಲದಿಂದ ಕೈ ತೆಗೆಯುತ್ತಾನೆ. ಆಮೇಲೆ, "ಆಯ್ತು. ಹಾಗೇ ಮಾಡ್ತೀವಿ," ಎಂದು, ಬಟ್ಟಲಲ್ಲಿ ಉಳಿದ ಅನ್ನವನ್ನು ಒಂದು ಅಗುಳೂ ಬಿಡದೆ ತಿಂದು ಮುಗಿಸುತ್ತಾನೆ. ನಾನು ಬರೆಯುವುದಕ್ಕೆಂದು ಚಿಕಾ ಅವರನ್ನು ಕೇಳುತ್ತೇನೆ: ಈ ಆಟದಿಂದ ನಿಮಗೇನು ಬೇಕು? ಅವರು, "ಇದನ್ನ ಆಡಿದ ಯಾರಾದ್ರೂ, ದೂರ ಇರೋರಿಗೆ ಒಂದು ಮಾತು ಆಡಿದ್ರೆ ಸಾಕು. ನಮ್ಮಿಂದ ಒಂದು ಬಾಗಿಲು ಸರಿಯಾಗಿ ಮುಚ್ಚಿಕೊಳ್ತು ಅಂತ ಆದ್ರೂ ಸಾಕು," ಎಂದು ನಗುತ್ತಾರೆ.

ಹೊರಗೆ ಬೀದಿಯ ಮಕ್ಕಳು ಗುಂಪಾಗಿ ನಿಂತು ಮಿಸಾಕಿಯ ಹೆಸರು ಕೂಗುತ್ತಿದ್ದಾರೆ. ಅವಳು ಎದ್ದು ತಟ್ಟೆ ತೊಳೆಯಲು ಹಾಕಿ, ಚೀಲ ಬೆನ್ನಿಗೇರಿಸಿ, ಬಾಗಿಲ ಮೆಟ್ಟಿಲ ಮೇಲೆ ಕೂತು ಶೂ ಹಾಕಿಕೊಳ್ಳುತ್ತಾಳೆ. ಒಂದು ಕಾಲಿನದು ಆಯಿತು. ಇನ್ನೊಂದನ್ನು ಕೈಯಲ್ಲೇ ಹಿಡಿದುಕೊಂಡಿದ್ದಾಳೆ. ದಿನವೂ 'ಹೋಗಿ ಬರ್ತೀನಿ' ಎಂದು ಕೂಗಿ ಓಡುವವಳು ಇವತ್ತು ಕೂಗಿಲ್ಲ. ಹೊರಗಿನ ಮಕ್ಕಳು ಮತ್ತೊಮ್ಮೆ ಕರೆಯುತ್ತಾರೆ, "ಮಿಸಾಕಿ, ಬಾರೇ, ಹೊತ್ತಾಯ್ತು." ಅಜ್ಜಿ ಜಾಡಿಯ ಮುಚ್ಚಳ ತಿರುಗಿಸುವುದನ್ನು ನಿಲ್ಲಿಸುತ್ತಾರೆ. ಚಿಕಾ ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತಾ ಅಡುಗೆಮನೆಯ ಬಾಗಿಲಿಗೆ ಬಂದು ನಿಲ್ಲುತ್ತಾರೆ.

ಮಿಸಾಕಿ ನಮ್ಮ ಕಡೆ ತಿರುಗುವುದಿಲ್ಲ. ಬೀದಿಯನ್ನೇ ನೋಡುತ್ತಾ ಕೇಳುತ್ತಾಳೆ:

"ಅಮ್ಮಾ, ಅಪ್ಪ ಸತ್ತುಹೋಗಿದಾರಾ?"